ಪಂಜರದ ಕೋಲು, ಹಕ್ಕಿಯ ಪಾದ

ಲವ್ ಬರ್ಡ್ಸ್ ಸಾಕಿದ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದ್ದೇ ಏಳುತ್ತದೆ: ಹಕ್ಕಿಯ ಉಗುರು ಉದ್ದವಾಗಿ ಸುರುಳಿ ಸುತ್ತುತ್ತಿದೆ, ಕತ್ತರಿಸಬಹುದೇ? ಒಬ್ಬರು ನೇಲ್ ಕಟರ್ ಹುಡುಕುತ್ತಾರೆ, ಇನ್ನೊಬ್ಬರು ಹಕ್ಕಿ ಮಾರಿದ ಅಂಗಡಿಗೇ ಪಂಜರ ಹೊತ್ತೊಯ್ಯುತ್ತಾರೆ. ಕತ್ತರಿಸಿದ ಉಗುರು ಕೆಲವು ವಾರಗಳಲ್ಲಿ ಮತ್ತೆ ಬೆಳೆದು ನಿಲ್ಲುತ್ತದೆ. ಅದು ಅಷ್ಟು ಬೆಳೆದದ್ದಾದರೂ ಏಕೆ ಎಂದು ಕೇಳುವವರು ಕಡಿಮೆ. ಕಾಡಿನ ಹಕ್ಕಿಗೆ ಉಗುರು ಕತ್ತರಿಸುವವರು ಯಾರು?

ನಮ್ಮಲ್ಲಿ ಲವ್ ಬರ್ಡ್ಸ್ ಎಂದು ಕರೆಸಿಕೊಳ್ಳುವ ಪುಟ್ಟ ಗಿಳಿಗಳಲ್ಲಿ ಬಹುಪಾಲು ಬಡ್ಜರಿಗರ್‌ಗಳು. ಅವುಗಳ ತವರು ಆಸ್ಟ್ರೇಲಿಯಾದ ಒಳನಾಡಿನ ಒಣ ಹುಲ್ಲುಗಾವಲು. ಪಕ್ಷಿತಜ್ಞ ಜಾನ್ ಗೌಲ್ಡ್ 1840ರಲ್ಲಿ ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದರು. ಮುಂದೆ ಇವು ಜಗತ್ತಿನ ಪಂಜರಗಳನ್ನೆಲ್ಲ ಸೇರಿದವು. ತವರಿನಲ್ಲಿ ಈ ಹಕ್ಕಿ ನೆಲದ ಮೇಲೆ ನಡೆದಾಡಿ ಹುಲ್ಲಿನ ಬೀಜ ಹೆಕ್ಕುತ್ತದೆ, ನೀಲಗಿರಿ ಮರದ ಕೊಂಬೆ ಹಿಡಿದು ಹತ್ತುತ್ತದೆ, ಪೊಟರೆಯ ಅಂಚಿನಲ್ಲಿ ಕಾಲೂರುತ್ತದೆ. ಉಗುರು ಬೆಳೆದಷ್ಟೂ ಸವೆಯುತ್ತದೆ.

ಪಂಜರದಲ್ಲಿ ಅದಕ್ಕೆ ಸಿಗುವುದು ನುಣುಪಾದ, ಒಂದೇ ದಪ್ಪದ ಎರಡು ಕೋಲು. ಸವೆಯಲು ಅಲ್ಲಿ ಏನೂ ಇಲ್ಲ.

ಉಗುರಿಗಿಂತ ದೊಡ್ಡ ಹಾನಿ ಅಂಗಾಲಿಗೆ ಆಗುತ್ತದೆ. ಗಿಳಿ ನಮ್ಮಂತೆ ಮಲಗಿ ಕಾಲಿಗೆ ವಿಶ್ರಾಂತಿ ಕೊಡುವ ಪ್ರಾಣಿಯಲ್ಲ. ನಿದ್ದೆಯಲ್ಲೂ ಅದರ ಭಾರವೆಲ್ಲ ಪಾದದ ಮೇಲೇ. ಕೋಲು ಬದಲಾಗದಿದ್ದರೆ ದಿನವಿಡೀ ಒತ್ತಡ ಬೀಳುವುದು ಅದೇ ಜಾಗಕ್ಕೆ. ಹಕ್ಕಿ ಪಂಜರದ ಸರಳು ಹಿಡಿದು ಹತ್ತುವಾಗ ಅಂಗಾಲು ನೋಡಿದರೆ ಇದು ತಿಳಿಯುತ್ತದೆ. ಆರೋಗ್ಯವಾದ ಪಾದದಡಿ ರಾಗಿಕಾಳಿಗಿಂತ ಸಣ್ಣ ಉಬ್ಬುಗಳು ಒತ್ತಾಗಿರುತ್ತವೆ. ಅವು ಅಳಿಸಿ ಚರ್ಮ ನುಣ್ಣಗೆ, ಕೆಂಪಗೆ ಹೊಳೆಯುತ್ತಿದ್ದರೆ ರೋಗ ಶುರುವಾಗಿದೆ ಎಂದರ್ಥ. ಮುಂದೆ ಅಲ್ಲಿ ಹುಣ್ಣಾಗುತ್ತದೆ, ಸ್ಟೆಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾ ಒಳಹೊಗುತ್ತವೆ. ಬಂಬಲ್‌ಫುಟ್ ಎಂದು ಕರೆಯುವ ಈ ಸೋಂಕು ಸ್ನಾಯುರಜ್ಜು, ಮೂಳೆಗೆ ಇಳಿದ ಮೇಲೆ ವಾಸಿ ಮಾಡುವುದು ಬಹಳ ಕಷ್ಟ.

ತಡೆಯುವ ದಾರಿ ಮಾತ್ರ ಹಿತ್ತಲಲ್ಲೇ ಇದೆ. ಔಷಧಿ ಸಿಂಪಡಿಸದ ಸೀಬೆ ಅಥವಾ ಬೇವಿನ ಕೊಂಬೆಗಳನ್ನು ತೊಳೆದು, ಬಿಸಿಲಿಗೆ ಒಣಗಿಸಿ, ತೊಗಟೆ ಸಮೇತ ಕಟ್ಟಿದರೆ ಸಾಕು. ಒಂದು ಕಡೆ ದಪ್ಪ, ಒಂದು ಕಡೆ ಸಪೂರ, ನಡುವೆ ಗಂಟು ಇರುವ ಕೊಂಬೆಯೇ ಒಳ್ಳೆಯದು; ಹೆಜ್ಜೆ ಬದಲಾದಂತೆ ಹಿಡಿತ ಬದಲಾಗುತ್ತದೆ. ಬೆರಳುಗಳು ಕೊಂಬೆಯನ್ನು ಪೂರ್ತಿ ಸುತ್ತಿ ಒಂದಕ್ಕೊಂದು ತಾಗಬಾರದು, ಮುಕ್ಕಾಲು ಭಾಗ ಹಿಡಿದರೆ ಸರಿ. ಉಗುರು ಸವೆಯಲೆಂದು ಕೋಲಿಗೆ ಮರಳು ಕಾಗದ ಸುತ್ತುವ ರೂಢಿಯಿದೆ. ಅದರಿಂದ ಉಗುರು ಸವೆಯುವುದು ಅಷ್ಟಕ್ಕಷ್ಟೆ, ಅಂಗಾಲಿನ ಚರ್ಮ ಮಾತ್ರ ತರಚುತ್ತದೆ.

ತಟ್ಟೆಯಲ್ಲಿ ಏನಿದೆ ಎಂಬುದೂ ಪಾದದಲ್ಲಿ ಕಾಣುತ್ತದೆ. ಬರೀ ನವಣೆ, ಸೂರ್ಯಕಾಂತಿ ಬೀಜ ತಿಂದು ಬೆಳೆದ ಹಕ್ಕಿಗೆ ವಿಟಮಿನ್ ಎ ಕೊರತೆಯಾಗಿ ಚರ್ಮದ ಬಲ ಕುಂದುತ್ತದೆ. ಬೊಜ್ಜು ಬಂದರೆ ಕಾಲಿನ ಮೇಲಿನ ಭಾರವೂ ಹೆಚ್ಚುತ್ತದೆ. ನುಗ್ಗೆಸೊಪ್ಪು, ಕ್ಯಾರೆಟ್, ಸಿಹಿಗುಂಬಳ ಈ ಕೊರತೆ ತುಂಬುತ್ತವೆ. ಕೊಕ್ಕು, ಉಗುರು ಎರಡೂ ಒಟ್ಟಿಗೆ ಅತಿಯಾಗಿ ಬೆಳೆಯುತ್ತಿದ್ದರೆ ಪಿತ್ತಜನಕಾಂಗದ ಕಾಯಿಲೆ ಇದ್ದೀತು. ಕಾಲಿನ ಮೇಲೆ ಬೂದುಬಣ್ಣದ ಹಕ್ಕಳೆ ಕಟ್ಟಿದರೆ ಒಂದು ಬಗೆಯ ನುಸಿ ಹೊಕ್ಕಿರಬಹುದು. ಕತ್ತರಿ ಹಿಡಿದವರ ಕಣ್ಣಿಗೆ ಇವು ಯಾವುವೂ ಬೀಳುವುದಿಲ್ಲ.

ಹಾಗೆಂದು ಉಗುರು ಕತ್ತರಿಸಲೇಬಾರದೇ? ಮುದಿಯಾದ, ಕುಂಟುವ ಹಕ್ಕಿಗಳಿಗೆ ಕತ್ತರಿಸಲೇಬೇಕಾಗುತ್ತದೆ. ಉದ್ದ ಉಗುರು ಬಟ್ಟೆಯ ದಾರಕ್ಕೆ ಸಿಕ್ಕಿಕೊಂಡರೆ ಹಕ್ಕಿ ಒದ್ದಾಡಿ ಕಾಲು ಮುರಿದುಕೊಳ್ಳುವುದೂ ಉಂಟು. ಆದರೆ ಇದು ಅವಸರದ ಕೆಲಸವಲ್ಲ. ಉಗುರಿನೊಳಗೆ ರಕ್ತನಾಳ, ನರ ಇರುತ್ತವೆ. ತಿಳಿಬಣ್ಣದ ಉಗುರನ್ನು ಬೆಳಕಿಗೆ ಹಿಡಿದರೆ ಆ ಕೆಂಪು ಗೆರೆ ಕಾಣುತ್ತದೆ. ಅದರಿಂದ ದೂರಕ್ಕೆ, ತುದಿಯನ್ನಷ್ಟೇ ತೆಗೆಯಬೇಕು. ಸುಮಾರು 35 ಗ್ರಾಂ ತೂಗುವ ಬಡ್ಜರಿಗರ್‌ನ ಮೈಯಲ್ಲಿರುವ ಒಟ್ಟು ರಕ್ತ ಒಂದು ಟೀ ಚಮಚಕ್ಕಿಂತ ಕಡಿಮೆ, ಹಾಗಾಗಿ ಪ್ರತಿ ಹನಿಗೂ ಬೆಲೆಯಿದೆ. ರಕ್ತ ಬಂದರೆ ಕಾರ್ನ್ ಫ್ಲೋರ್ ಒತ್ತಿ ಹಿಡಿಯಬೇಕು. ನಿಲ್ಲದಿದ್ದರೆ ವೈದ್ಯರಲ್ಲಿಗೆ ಓಡಬೇಕು. ಹಿಡಿಯುವಾಗ ಎದೆ ಒತ್ತುವುದಂತೂ ಪ್ರಾಣಕ್ಕೇ ಅಪಾಯ. ಹಕ್ಕಿಗೆ ನಮ್ಮಂತೆ ವಪೆ ಇಲ್ಲ, ಎದೆಮೂಳೆ ಆಡಿದರೇನೇ ಉಸಿರು. ಕೈ ಪಳಗದವರು ಹಕ್ಕಿಗಳನ್ನು ನೋಡುವ ಪಶುವೈದ್ಯರಲ್ಲಿಗೆ ಹೋಗುವುದೇ ಲೇಸು.

ಪಂಜರ ಆರಿಸಿದ್ದು, ಕೋಲು ಹಾಕಿದ್ದು, ಕಾಳು ಸುರಿದದ್ದು ಎಲ್ಲವೂ ಸಾಕಿದವರೇ. ಆದ್ದರಿಂದ ಉಗುರು ಬೆಳೆದಾಗ ಮೊದಲು ಬದಲಾಯಿಸಬೇಕಾದದ್ದು ಕೋಲನ್ನು, ಆಮೇಲೆ ತಟ್ಟೆಯನ್ನು. ಕತ್ತರಿಯ ಸರದಿ ಕೊನೆಯದು. ಮನೆಯಲ್ಲಿ ಹಕ್ಕಿ ಇರುವವರು ಇಂದು ಕಾಳು ಹಾಕುವಾಗ ಒಂದು ನಿಮಿಷ ನಿಂತು ಅದರ ಅಂಗಾಲು ನೋಡಲಿ.