ಸುಲಿ, ಅಂಟಿಸು, ಮುಗ್ಗರಿಸು

ಸುಮಾರು ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸು, ರಿಲೀಸು ಅಂತ ನೆಪ ಹೇಳಬಹುದು, ಬಿಡಿ. ಇವತ್ತು ಬರೆಯೋಕೆ ಕೂತಿದ್ದು ಸಿಟ್ಟಿಗೆ. ಯಾರ ಮೇಲೆ ಅಂತೀರಾ? ಅರ್ಧ ನನ್ನ ಮೇಲೆ, ಇನ್ನರ್ಧ "ಒಂದೇ ಗಂಟೆಯಲ್ಲಿ ನಿಮ್ಮ ಮನೆಯ ನೆಲ ಹೊಸದು" ಅಂತ ವೀಡಿಯೋ ಮಾಡಿ ಹಾಕುವ ಮಹಾನುಭಾವರ ಮೇಲೆ.

ಅದೇ ರೀ, ಹಿಂದಿನ ಕಾಗದ ಸುಲಿದು ನೆಲಕ್ಕೆ ಅಂಟಿಸೋ ವಿನೈಲ್ ಟೈಲ್ಸು. ಸಿಮೆಂಟು ಬೇಡ, ಮೇಸ್ತ್ರಿ ಬೇಡ, ಧೂಳಿಲ್ಲ. ಹೋದ ಬೇಸಿಗೆಯಲ್ಲಿ ಒಂದಡಿ ಚೌಕದ ನೂರಹತ್ತು ಟೈಲು ಹೊತ್ತುಕೊಂಡು ಊರಿಗೆ ಹೋದೆ. ಸಾಗರದ ಹತ್ತಿರದ ಹಳ್ಳಿ ನಮ್ಮದು. ಅಜ್ಜ ಕಟ್ಟಿಸಿದ ಮನೆ, ರೆಡ್ ಆಕ್ಸೈಡ್ ನೆಲ, ಅಡುಗೆಮನೆ ಹತ್ತಡಿಗೆ ಹತ್ತಡಿ. ಅಲ್ಲಲ್ಲಿ ಸಣ್ಣ ಬಿರುಕು ಬಿಟ್ಟಿದ್ದು ಬಿಟ್ಟರೆ ನೆಲಕ್ಕೆ ಏನೂ ಆಗಿರಲಿಲ್ಲ. ಅಮ್ಮನಿಗೆ 'ಸರ್‌ಪ್ರೈಸ್' ಕೊಡೋ ಹುಮ್ಮಸ್ಸು ನನಗೆ.

ವೀಡಿಯೋದಲ್ಲಿ ಹೇಳಿದ್ದನ್ನೆಲ್ಲ ಮಾಡಿದೆ. ಕೋಣೆಯ ಮಧ್ಯ ಹುಡುಕಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ಹಿಂಬದಿಯ ಬಾಣದ ಗುರುತೆಲ್ಲ ಒಂದೇ ದಿಕ್ಕಿಗೆ ಬರೋ ಹಾಗೆ ಜೋಡಿಸಿದೆ, ಗೋಡೆ ಪಕ್ಕದ್ದನ್ನು ಕಟರ್‌ನಲ್ಲಿ ಕೊಯ್ದೆ. ಒತ್ತೋಕೆ ರೋಲರ್ ಇರಲಿಲ್ಲ, ಲಟ್ಟಣಿಗೆ ತಗೊಂಡೆ. "ಎಂತದೋ ಮಾಣಿ, ನೆಲದ ಮೇಲೆ ಚಪಾತಿ ಲಟ್ಟಿಸ್ತಾ ಇದ್ಯಾ?" ಅಂದಳು ಅಜ್ಜಿ. ಸಂಜೆ ಫೋಟೋ ಹಾಕಿದೆ. ನಿಮ್ಮಲ್ಲಿ ಕೆಲವರು ಲೈಕೂ ಒತ್ತಿದ್ದಿರಿ.

ಮಳೆ ಹಿಡಿದ ಮೂರನೇ ವಾರ ಅಮ್ಮನ ಫೋನು. ಮೂಲೆಗಳು ಏಳ್ತಾ ಇವೆ, ಸಂದಿಯಿಂದ ಅಂಟು ಬೆಲ್ಲದ ಪಾಕದ ಹಾಗೆ ಹೊರಗೆ ಬರ್ತಾ ಇದೆ. "ಒತ್ತಿ ಇಡು, ಕೂತ್ಕೊಳ್ಳತ್ತೆ" ಅಂದೆ, ಮೀಟಿಂಗಲ್ಲಿದ್ದೆ. ಎರಡು ದಿನಕ್ಕೆ ಬೆಳಗಿನ ಜಾವ ನೀರಿಗೆ ಎದ್ದ ಅಜ್ಜಿಯ ಕಾಲು ಎದ್ದ ಟೈಲಿಗೆ ಸಿಕ್ಕಿತು. ಬಾಗಿಲ ಚೌಕಟ್ಟು ಕೈಗೆ ಸಿಕ್ಕಿದ್ದರಿಂದ ಬಚಾವು. ಚೊಂಬು ಮಾತ್ರ ಬಿತ್ತು. ಎಂಬತ್ತೆರಡು ವರ್ಷದ ಸೊಂಟ ಸ್ವಾಮೀ, ಬಿದ್ದಿದ್ದರೆ?

ಈಗ ನನ್ನ ತಕರಾರಿಗೆ ಬರ್ತೀನಿ. ಮಣ್ಣಿನ ತೇವ ಸಿಮೆಂಟಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಮೇಲಕ್ಕೆ ಏರುತ್ತೆ. ನಮ್ಮ ಹಳೇ ಮನೆಗಳಲ್ಲಿ ನೆಲದಡಿಗೆ ಅದನ್ನು ತಡೆಯೋ ಹಾಳೆ ಗೀಳೆ ಇಲ್ಲ. ಏರಿದ್ದು ಮೇಲೆ ಬಂದು ಆರಿ ಹೋಗ್ತಿತ್ತು, ಅಷ್ಟೇ. ನಾನು ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕಿದೆ. ನೀರು ಅಲ್ಲೇ ನಿಂತಿತು, ಸಿಮೆಂಟಿನ ಕ್ಷಾರವೂ ಸೇರಿ ಅಂಟನ್ನು ಕರಗಿಸಿತು. ಸಾಲದ್ದಕ್ಕೆ ವರ್ಷಗಟ್ಟಲೆ ಎಣ್ಣೆ ಹಚ್ಚಿ ಉಜ್ಜಿದ ನೆಲ, ಅಂಟು ಹಿಡಿದಿದ್ದು ಎಣ್ಣೆಯನ್ನು, ನೆಲವನ್ನಲ್ಲ. ಮೇಲಿಂದ ದಿನಾ ಬಕೆಟ್ ನೀರಲ್ಲಿ ಒರೆಸೋದು ಬೇರೆ. ಮೊದಲ ವರ್ಷ ಎಲಿಮೆಂಟ್ಸ್ ಆಫ್ ಸಿವಿಲ್ ಇಂಜಿನಿಯರಿಂಗ್ ಅಂತ ಒಂದು ಪೇಪರ್ ಇತ್ತು, ತೇವ ಏರೋದರ ಬಗ್ಗೆ ಉತ್ತರ ಬರೆದೇ ಪಾಸಾದವನು ನಾನು! ಡಿಗ್ರಿಗೆ ಬೆಂಕಿ ಹಾಕ.

"ಅಗ್ಗದ ಮಾಲು ತಗೊಂಡಿರ್ತೀಯ" ಅಂದ ಗೆಳೆಯ. ಅಲ್ಲಪ್ಪಾ, ದುಬಾರಿ ಟೈಲಿನ ಹಿಂದೆ ಇರೋದೂ ಒತ್ತಿದರೆ ಹಿಡಿಯೋ ಅಂಟೇ. ಒದ್ದೆ ನೆಲದಲ್ಲಿ ಅದೂ ಏಳುತ್ತೆ. ಇದೇ ಟೈಲು ಬೆಂಗಳೂರಿನ ಎರಡನೇ ಮಹಡಿಯ ನನ್ನ ರೂಮಿನಲ್ಲಿ ಗಟ್ಟಿಯಾಗಿ ಕೂತಿದೆ, ಒಪ್ಪಿದೆ. ಅಲ್ಲಿ ಕೆಳಗೆ ಮಣ್ಣಿಲ್ಲ, ಇನ್ನೊಬ್ಬರ ಮನೆಯ ಹಾಲ್ ಇದೆ.

ಪರೀಕ್ಷೆ ಏನು ಬ್ರಹ್ಮವಿದ್ಯೆ ಅಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಕಡಿಮೆ ಅಂದ್ರೆ 16 ಗಂಟೆ ಬಿಡಿ. ಒಳಗೆ ನೀರು ಬೆವೆತಿದ್ದರೆ, ನೆಲ ಕಪ್ಪಾಗಿದ್ದರೆ ಟೈಲ್ಸ್ ಆಸೆ ಬಿಡಿ. ನಮ್ಮೂರಲ್ಲಾದರೆ ಇದನ್ನು ಮಳೆಗಾಲದಲ್ಲೇ ಮಾಡಬೇಕು, ಏಪ್ರಿಲ್‌ನಲ್ಲಿ ಎಲ್ಲ ನೆಲವೂ ಒಣಗಿರುತ್ತೆ. ನಾನು ನೋಡಿದ ಒಂದು ವೀಡಿಯೋದಲ್ಲಾದರೂ ಇದನ್ನು ಹೇಳಲಿಲ್ಲ. ಡಬ್ಬಿಯ ಮೇಲೆ 'ಒಣ, ನಯವಾದ ನೆಲಕ್ಕೆ ಮಾತ್ರ' ಅಂತ ಇತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ. ಮಾರುವವರೇ, 'ಒಂದು ಗಂಟೆ' ಬರೆದ ಸೈಜಿನಲ್ಲೇ ಇದನ್ನೂ ಬರೆಯೋಕೆ ಏನು ಕಷ್ಟ? ವೀಡಿಯೋ ಮಾಡುವವರೇ, ಅಂಟಿಸಿದ ಸಂಜೆಯ ಫೋಟೋ ಸಾಕು, ಆಗಸ್ಟ್ ತಿಂಗಳದ್ದೂ ಒಂದು ಹಾಕಿ ನೋಡೋಣ.

ಊರಿಗೆ ಹೋಗಿ ಎಲ್ಲ ಕಿತ್ತೆ. ಕೀಳೋದು ಅರ್ಧ ಗಂಟೆಯ ಕೆಲಸ, ಅದೊಂದು ವಿಷಯದಲ್ಲಿ ಜಾಹೀರಾತು ಮೀರಿಸ್ತು. ಅಂಟು ತೆಗೆಯೋಕೆ ಎರಡು ಶನಿವಾರ ಭಾನುವಾರ ಹೋಯ್ತು. ಕೊಬ್ಬರಿ ಎಣ್ಣೆ ಹಚ್ಚಿ, ನೆನೆಸಿ, ಹೆರೆದೆ. ಹೆರೆದಲ್ಲೆಲ್ಲ ಅಜ್ಜನ ಕಾಲದ ಹೊಳಪು ಹೋಗಿ ಚೌಕ ಚೌಕ ಕಲೆ ಉಳಿದಿದೆ. ಅಜ್ಜಿ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಲೆ ಹತ್ತಿರ ಇನ್ನೂ ಹನ್ನೆರಡು ಟೈಲಿನ ಅಂಟು ಬಾಕಿ ಇದೆ, ಅಲ್ಲಿ ಟರ್ಪೆಂಟೈನ್ ಹಚ್ಚೋಕೆ ಭಯ. ಬೇರೆ ಉಪಾಯ ಗೊತ್ತಿದ್ದವರು ಕಾಮೆಂಟಿಸಿ.