ಆಟೋಕ್ಕೆ ನಂಬರು ಐತಿ, ದೋಣಿಗೆ ಯಾಕಿಲ್ಲ?



ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಕಾಕಾನ ಮನೆ ಇದೆ. ಸೂಟಿಯಲ್ಲಿ ಹೋದಾಗ ರೇಲ್ವೆ ಗೇಟು ಹಾಕಿದ್ದರೆ ನಾನು, ನನ್ನ ತಮ್ಮ ನಿಂತು ಗಾಡಿಗಳ ನಂಬರು ಓದುತ್ತೇವೆ. ಕೆಎ 22 ನಮ್ಮದು, 23 ಚಿಕ್ಕೋಡಿಯದು, 24 ಬೈಲಹೊಂಗಲದ್ದು, 49 ಗೋಕಾಕದ್ದು. ಎಂಎಚ್ 09 ಕೊಲ್ಲಾಪುರದ್ದು. ಮೂರು ಮಂದಿ ಕೂಡುವ ಆಟೋಕ್ಕೂ ನಂಬರು ಬೇಕು. ಹಾಗಾದರೆ ಮೂವತ್ತು ಮಂದಿಯನ್ನು ನಡುನೀರಿಗೆ ಒಯ್ಯುವ ದೋಣಿಗೆ ಬ್ಯಾಡೇನು?

ಹೋದ ವರ್ಷ ಒಂದು ಕೆರೆಯಲ್ಲಿ ದೋಣಿ ನೋಡಿದೆ. ಕೆರೆಯ ಹೆಸರು ಬರೆಯುವುದಿಲ್ಲ. ದೋಣಿಯ ಮೈತುಂಬ ನವಿಲು, ಹುಲಿ, ಕಮಲದ ಹೂವು ಬರೆಸಿದ್ದರು. ನಂಬರು ಮಾತ್ರ ಎಲ್ಲೂ ಇಲ್ಲ. ಎಷ್ಟು ಮಂದಿ ಕೂಡಬೇಕು ಅನ್ನೋದೂ ಇಲ್ಲ. ಕೇಳಿದರೆ, "ತಮ್ಮಾ, ಇದೇನ್ ಬಸ್ಸೇನೋ?" ಅಂದು ನಕ್ಕರು. ಬಸ್ಸಾಗಿದ್ದರೆ ಚಿಂತೆಯೇ ಇರಲಿಲ್ಲ. ಬಸ್ಸು ಕೆಟ್ಟರೆ ಇಳಿದು ನಡೆಯಬಹುದಲ್ಲ!

ಕಾಯಿದೆ ಇಲ್ಲ ಅಂತಲ್ಲ. 1917ರಲ್ಲಿ ಬ್ರಿಟಿಷರು ಮಾಡಿದ ಕಾಯಿದೆಯನ್ನು ತೆಗೆದು ನಮ್ಮ ಸಂಸತ್ತು 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯಿದೆ ಮಾಡಿದೆ. ಅದರ ಪ್ರಕಾರ ಒಳನಾಡಿನ ನೀರಿನಲ್ಲಿ ಯಂತ್ರದಿಂದ ಓಡುವ ದೋಣಿಯನ್ನು ಮೊದಲು ತಪಾಸಣೆ ಮಾಡಿಸಬೇಕು, ಆಮೇಲೆ ನೋಂದಣಿ. ಕೊಟ್ಟ ನಂಬರನ್ನು ಎದ್ದು ಕಾಣುವ ಜಾಗದಲ್ಲಿ ಬರೆಸಬೇಕು. ಹುಟ್ಟು ಹಾಕುವ ದೋಣಿಗಳನ್ನು ಸ್ಥಳೀಯ ಸಂಸ್ಥೆಗಳಲ್ಲಿ ದಾಖಲು ಮಾಡುವ ದಾರಿಯೂ ಅದರಲ್ಲಿದೆ.

ಸಮುದ್ರದ ಮೀನುಗಾರರು ಇದರಲ್ಲಿ ಮುಂದೆ ಇದ್ದಾರೆ. 2008ರ ನವೆಂಬರಿನಲ್ಲಿ ಮುಂಬಯಿಗೆ ನುಗ್ಗಿದ ಉಗ್ರರು ಗುಜರಾತಿನ ಕುಬೇರ್ ಎಂಬ ಮೀನು ದೋಣಿಯನ್ನು ಹಿಡಿದು ಅದರಲ್ಲೇ ಬಂದಿದ್ದರು. ಅದಾದ ಮೇಲೆ ದೇಶದ ಮೀನು ದೋಣಿಗಳಿಗೆಲ್ಲ ಒಂದೇ ಬಗೆಯ ನಂಬರು ಬಂತು. ಮಲ್ಪೆಯ ದೋಣಿಯ ಮೇಲೆ ಐಎನ್‌ಡಿ, ಕೆಎ, 02, ಎಂಎಂ ಅಂತ ಬರೆದಿರುತ್ತದೆ. ಅಂದರೆ ದೇಶ, ರಾಜ್ಯ, ಉಡುಪಿ ಜಿಲ್ಲೆ, ಯಂತ್ರದ ದೋಣಿ. ಮುಂದೆ ಅದರ ಸ್ವಂತ ಅಂಕಿ. ನಮ್ಮ ಕೆಎ 22 ಇದ್ದ ಹಾಗೇ.

ನಂಬರು ಬರೆದರೆ ದೋಣಿ ಮುಳುಗೋದಿಲ್ಲೇನು ಅಂತ ಕೆಲವರು ಕೇಳಬಹುದು. ಬಣ್ಣದ ಅಕ್ಷರ ಯಾರನ್ನೂ ತೇಲಿಸೋದಿಲ್ಲ, ಖರೆ. ಆದರೆ ನಂಬರು ಇದೆ ಅಂದರೆ ಯಾರೋ ಒಬ್ಬರು ಹಲಗೆ ಬಡಿದು ನೋಡಿ, ಇಷ್ಟೇ ಮಂದಿ ಅಂತ ಬರೆದುಕೊಟ್ಟಿದ್ದಾರೆ. ತಪ್ಪಾದರೆ ಯಾರನ್ನು ಕೇಳಬೇಕು ಅನ್ನೋದೂ ಗೊತ್ತಾಗುತ್ತದೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿ ಸತ್ತರು. ಮೀನು ಹಿಡಿಯುವ ದೋಣಿಯನ್ನೇ ತಿದ್ದಿ ಪ್ರವಾಸಿಗರ ದೋಣಿ ಮಾಡಿದ್ದರು, ಮೇಲೆ ಮಂದಿಯನ್ನೂ ತುಂಬಿದ್ದರು. ಕಾರವಾರದ ಕೂರ್ಮಗಡ ಜಾತ್ರೆಯಿಂದ ಬರುವಾಗ 2019ರ ಜನವರಿ 21ರಂದು ದೋಣಿ ಮಗುಚಿ 16 ಮಂದಿ ಹೋದರು. ಅವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಮನೆತನದವರು ಹಲವರು. ಇನ್ನು 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಆದದ್ದನ್ನು ಓದಿ ನನಗೆ ಅಂದು ಊಟ ಸೇರಲಿಲ್ಲ. ಸತ್ತವರು ನಮ್ಮಂತೆಯೇ ಶಾಲೆಯಿಂದ ಪ್ರವಾಸಕ್ಕೆ ಹೋದ 12 ಮಕ್ಕಳು, ಜೊತೆಗೆ 2 ಗುರುಗಳು.

"ಬಡ ಅಂಬಿಗರಿಗೆ ಇನ್ನೊಂದು ಕಾಟ ಯಾಕ?" ಅಂದರು ನಮ್ಮ ಅಜ್ಜ. ಅಜ್ಜನ ಮಾತಿನಲ್ಲೂ ನ್ಯಾಯ ಇದೆ. ಒಂದು ಕಾಗದಕ್ಕಾಗಿ ದಿನದ ಕೂಲಿ ಬಿಟ್ಟು ಕಚೇರಿಗೆ ನಾಲ್ಕು ಸಲ ತಿರುಗುವಂತಿರಬಾರದು. ದನಕ್ಕೆ ಸೂಜಿ ಮಾಡಲು ಡಾಕ್ಟರು ಊರಿಗೇ ಬರುತ್ತಾರಲ್ಲ, ಹಾಗೆ ಸಾಹೇಬರೂ ಹೊಳೆಯ ದಂಡೆಗೆ ಬರಲಿ. ದೋಣಿ ನೋಡಿ, ಅಲ್ಲೇ ನಂಬರು ಕೊಟ್ಟು ಹೋಗಲಿ. ಆದರೆ ರೊಕ್ಕ ತಗೊಂಡು ಪ್ರವಾಸಿಗರನ್ನು ಹತ್ತಿಸುವವರಿಗೆ ಈ ಸಡಿಲು ಬೇಡ ಅನ್ನೋದು ನನ್ನ ಅಭಿಪ್ರಾಯ.

ನಂಬರು ಹೇಗೆ ಬರೆಸಬೇಕು? ದೋಣಿಯ ಮುಂಭಾಗದಲ್ಲಿ ಎರಡೂ ಬದಿಗೆ, ನೀರು ತಾಗದಷ್ಟು ಮೇಲೆ. ಕಪ್ಪು ಬಣ್ಣದ ಮೇಲೆ ಬಿಳಿ ಅಥವಾ ಬಿಳಿಯ ಮೇಲೆ ಕಪ್ಪು. ದಂಡೆಯ ಮೇಲೆ ನಿಂತವರಿಗೂ ಓದಲು ಬರಬೇಕು. ನವಿಲಿನ ಗರಿಯೊಳಗೆ ಅಡಗಿಸಬಾರದು. "ಇಷ್ಟು ಮಂದಿ ಮಾತ್ರ" ಎಂಬುದನ್ನು ಪಕ್ಕದಲ್ಲೇ ಕನ್ನಡದಾಗೂ ಬರೀರಿ, ಮರಾಠಿಯಾಗೂ ಬರೀರಿ. ಬೋರ್ಡಿನ ಜಗಳ ರಸ್ತೆಯ ಮೇಲೆ ಇರಲಿ, ನೀರಿಗೆ ಬ್ಯಾಡ.

ಈ ಸಲ ನಮ್ಮ ಪ್ರವಾಸ ಗೋಕರ್ಣ, ಕಾರವಾರದ ಕಡೆ ಎಂದು ಗುರುಗಳು ಹೇಳಿದ್ದಾರೆ. ಅಲ್ಲಿ ದೋಣಿ ಹತ್ತುವ ಮೊದಲು ಅದರ ನಂಬರನ್ನು ಹಾಜರಿ ಹಾಳೆಯ ಮೇಲೆ ಬರೆದುಕೊಳ್ಳಿರಿ, ಎಲ್ಲರಿಗೂ ಜಾಕೀಟು ಹಾಕಿಸಿರಿ ಎಂದು ಗುರುಗಳಲ್ಲಿ ವಿನಂತಿ. ನಂಬರು ಇಲ್ಲದ ದೋಣಿಯಾದರೆ ನಾವೆಲ್ಲ ದಂಡೆಯ ಮೇಲೇ ಕೂತು ಚುರಮುರಿ ತಿನ್ನೋಣ. ಯಾರೂ ತಕರಾರು ಮಾಡಬಾರದು ಅಂತ ನಮ್ಮ ತರಗತಿಯವರಿಗೆ ಈಗಲೇ ಹೇಳಿಟ್ಟಿದ್ದೇನೆ.

– 9ನೇ ತರಗತಿಯ ವಿದ್ಯಾರ್ಥಿ