ತೊಗಟೆ ಸುಲಿದರೂ ಎಲೆ ಬಾಡಲಿಲ್ಲವೇಕೆ?

ಮರವನ್ನು ಕಡಿಯದೆಯೇ ಕೊಲ್ಲುವ ಉಪಾಯ ಕೆಲವರಿಗೆ ಗೊತ್ತಿದೆ. ಅಂಗಡಿಯ ಬೋರ್ಡಿಗೆ ಅಡ್ಡವಾದ ಹೊಂಗೆಯೋ, ನಿವೇಶನದ ಮುಂದಿನ ನೇರಳೆಯೋ ಇರುತ್ತದೆ. ರಾತ್ರೋರಾತ್ರಿ ಅದರ ಬುಡದ ಸುತ್ತ ಒಂದು ಗೇಣು ಅಗಲಕ್ಕೆ ತೊಗಟೆಯನ್ನು ಬಳೆಯಂತೆ ಸುಲಿದುಬಿಡುತ್ತಾರೆ. ಮಾರನೆಯ ದಿನ ನೋಡಿದರೆ ಮರಕ್ಕೆ ಏನೂ ಆಗಿಲ್ಲ. ವಾರಗಳು ಕಳೆದರೂ ಎಲೆ ಹಸಿರಾಗಿಯೇ ಇರುತ್ತದೆ. ಕೆಲವು ಮರಗಳಲ್ಲಂತೂ ತಿಂಗಳುಗಟ್ಟಲೆ. ಆಮೇಲೆ ಮರ ಒಣಗತೊಡಗುವ ಹೊತ್ತಿಗೆ ಸುಲಿದವರು ಯಾರೆಂದು ಕೇಳುವವರು ಇರುವುದಿಲ್ಲ.

ಇಂಥದೊಂದು ಮರವನ್ನು ತೋರಿಸಿ ಹತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ: "ಸಾರ್, ನೀರು ಹೋಗುವ ದಾರಿಯನ್ನೇ ಕತ್ತರಿಸಿದ್ದಾರೆ, ಎಲೆ ಯಾಕೆ ಬಾಡಿಲ್ಲ?" ಕ್ಸೈಲಂ ನೀರನ್ನೂ ಫ್ಲೋಯಂ ಆಹಾರವನ್ನೂ ಸಾಗಿಸುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಎರಡಕ್ಕೆ ಎರಡು ಅಂಕ ಪಡೆದವನೇ ಅವನು. ಆದರೆ ಇವೆರಡೂ ಮರದಲ್ಲಿ ಎಲ್ಲಿವೆ ಎಂದು ಯಾರೂ ಅವನಿಗೆ ಮುಟ್ಟಿಸಿ ತೋರಿಸಿರಲಿಲ್ಲ.

ನೀರು ಏರುವುದು ತೊಗಟೆಯಲ್ಲಲ್ಲ, ಅದರ ಒಳಗಿರುವ ಕಟ್ಟಿಗೆಯಲ್ಲಿ. ಆ ಕಟ್ಟಿಗೆಯೇ ಕ್ಸೈಲಂ. ಎಲೆಯಲ್ಲಿ ತಯಾರಾದ ಸಕ್ಕರೆ ಇಳಿಯುವುದು ತೊಗಟೆಯ ಒಳಪದರದಲ್ಲಿ, ಅದು ಫ್ಲೋಯಂ. ಬಳೆಯಂತೆ ಸುಲಿದಾಗ ತುಂಡಾಗುವುದು ಸಕ್ಕರೆಯ ದಾರಿ ಮಾತ್ರ. ಎಲೆಗೆ ನೀರು ಬರುತ್ತಲೇ ಇರುತ್ತದೆ, ಉಪವಾಸ ಬೀಳುವುದು ಬೇರು. ಕೂಡಿಟ್ಟ ಪಿಷ್ಟ ಮುಗಿಯುವವರೆಗೆ ಬೇರು ದುಡಿಯುತ್ತದೆ. ಅದು ಸತ್ತ ಮೇಲೆ ಮೇಲಕ್ಕೂ ನೀರಿಲ್ಲ. ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ಹದಿನೇಳನೆಯ ಶತಮಾನದಲ್ಲೇ ಹೀಗೆ ತೊಗಟೆ ಸುಲಿದು, ಗಾಯದ ಮೇಲಂಚು ಊದಿಕೊಳ್ಳುವುದನ್ನು ಕಂಡಿದ್ದ. ನಮ್ಮ ತೋಟಗಾರರು ದಾಳಿಂಬೆಗೆ, ಸೀಬೆಗೆ ಗೂಟಿ ಕಟ್ಟುವುದೂ ಇದೇ ಉಪಾಯದಿಂದ. ಕೊಂಬೆಯ ತೊಗಟೆಯನ್ನು ಒಂದಂಗುಲ ತೆಗೆದು ಒದ್ದೆ ಪಾಚಿ ಸುತ್ತಿದರೆ, ತಡೆದು ನಿಂತ ಸಕ್ಕರೆ ಮತ್ತು ಹಾರ್ಮೋನುಗಳ ಬಲದಿಂದ ಮೇಲಂಚಿನಲ್ಲಿ ಬೇರು ಮೂಡುತ್ತದೆ.

ಇನ್ನು ನೀರು ಏರುವ ಸಂಗತಿ. ಹೀರುವ ಪಂಪು ಎಷ್ಟೇ ಗಟ್ಟಿಯಾದರೂ ನೀರನ್ನು ಸುಮಾರು 10 ಮೀಟರಿಗಿಂತ ಮೇಲೆ ಎಳೆಯಲಾರದು. ಆದರೆ ಕ್ಯಾಲಿಫೋರ್ನಿಯದ ರೆಡ್‌ವುಡ್ ಮರಗಳಲ್ಲಿ 115 ಮೀಟರ್ ದಾಟಿದವೂ ಇವೆ. ಅಲ್ಲಿಗೆ ನೀರು ಎತ್ತುವವರು ಯಾರು? ನಮ್ಮ ಜಗದೀಶಚಂದ್ರ ಬೋಸರು, ಕಾಂಡದ ಜೀವಕೋಶಗಳು ಹೃದಯದಂತೆ ಮಿಡಿದು ನೀರನ್ನು ಮೇಲೆ ತಳ್ಳುತ್ತವೆ ಎಂದು 1923ರಲ್ಲಿ ಪುಸ್ತಕವನ್ನೇ ಬರೆದರು. ಬೋಸರ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೆ ಈ ವಾದ ನಿಲ್ಲಲಿಲ್ಲ. ಅದಕ್ಕೂ ಮೊದಲೇ, 1891ರ ಸುಮಾರಿಗೆ, ಜರ್ಮನಿಯಲ್ಲಿ ಸ್ಟ್ರಾಸ್‌ಬರ್ಗರ್ ಕಡಿದ ಮರದ ಬುಡವನ್ನು ವಿಷದ್ರಾವಣದಲ್ಲಿ ನಿಲ್ಲಿಸಿದ್ದ. ಕಾಂಡದ ಜೀವಕೋಶಗಳು ಸತ್ತವು, ದ್ರಾವಣ ಮಾತ್ರ ಏರುತ್ತಲೇ ಹೋಯಿತು.

ಸರಿಯಾದ ಉತ್ತರ ಕೊಟ್ಟವರು ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ, 1894ರಲ್ಲಿ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋದಂತೆ ಅದರ ಹಿಂದಿನ ಅಣು ಮುಂದಕ್ಕೆ ಸರಿಯುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುವುದರಿಂದ ಬೇರಿನವರೆಗಿನ ಇಡೀ ನೀರಿನ ಎಳೆಯೇ ಬಾವಿಯ ಹಗ್ಗದಂತೆ ಮೇಲೆ ಬರುತ್ತದೆ. ಅದನ್ನು ಎಳೆಯುವ ಶಕ್ತಿ ಬಿಸಿಲಿನದು, ಮರದ ಖರ್ಚು ಬಹಳ ಕಡಿಮೆ.

ಸಕ್ಕರೆಯ ಸಾಗಣೆ ಇದಕ್ಕೆ ತದ್ವಿರುದ್ಧ: ಅಲ್ಲಿ ಎಳೆತವಲ್ಲ, ತಳ್ಳಾಟ, ಅದೂ ಬದುಕಿರುವ ಕೋಶಗಳ ಮೂಲಕ. ಎಲೆ ತನ್ನ ಸಕ್ಕರೆಯನ್ನು ಫ್ಲೋಯಂ ನಾಳಕ್ಕೆ ತುಂಬುತ್ತದೆ, ಪಕ್ಕದ ಕ್ಸೈಲಮಿನಿಂದ ನೀರು ಅಭಿಸರಣೆಯಿಂದ ಒಳನುಗ್ಗುತ್ತದೆ, ಒತ್ತಡ ಏರುತ್ತದೆ. ಬೇರಿನಲ್ಲಿ, ಕಾಯಿಯಲ್ಲಿ ಸಕ್ಕರೆ ಹೊರಬಿದ್ದಾಗ ನೀರೂ ಹೊರಹೋಗಿ ಒತ್ತಡ ಇಳಿಯುತ್ತದೆ. ಈ ವ್ಯತ್ಯಾಸವೇ ರಸವನ್ನು ಗಂಟೆಗೆ ಸುಮಾರು ಒಂದು ಮೀಟರ್ ವೇಗದಲ್ಲಿ ನೂಕುತ್ತದೆ. ಜರ್ಮನಿಯ ಮ್ಯುಂಕ್ 1930ರಲ್ಲಿ ಹೇಳಿದ ಈ ವಿವರಣೆಯೇ ಇಂದಿಗೂ ಪಾಠ. ಆ ರಸದ ರುಚಿ ಬೇಕೆ? ತೆಂಗಿನ ಹೊಂಬಾಳೆಯಿಂದ ಇಳಿಸುವ ನೀರಾ ಅದೇ, ಕರಾವಳಿಯ ಓಲೆಬೆಲ್ಲವಾಗುವುದೂ ಅದೇ. ಮಾವು ಹೂಬಿಟ್ಟಾಗ ಜಿಗಿಹುಳುಗಳು ಕುಡಿದು ಹೆಚ್ಚಾಗಿ ಹೊರಹಾಕಿದ ರಸವೇ ಮರದಡಿ ಅಂಟಂಟಾಗಿ ಬೀಳುತ್ತದೆ.

ಹಾಗಾದರೆ ಹತ್ತಲೆಂದು ಕಚ್ಚು ಹಾಕಿದ ತೆಂಗಿನ ಮರ ಸಾಯುವುದಿಲ್ಲವೇಕೆ? ತೆಂಗು, ಅಡಿಕೆ ಏಕದಳ ಸಸ್ಯಗಳು. ಅವುಗಳಲ್ಲಿ ಕ್ಸೈಲಂ ಫ್ಲೋಯಂ ಎರಡೂ ಸೇರಿದ ಸಣ್ಣ ಸಣ್ಣ ಕಟ್ಟುಗಳು ಕಾಂಡದ ತುಂಬ ಹರಡಿವೆ.

ಪೋಷಕರಿಗೆ ಒಂದು ಮಾತು. ಪ್ರಾಜೆಕ್ಟಿಗೆಂದು ಮಕ್ಕಳು ಮರದ ತೊಗಟೆ ಸುಲಿಯುವುದು ಬೇಡ. ಕರ್ಣಕುಂಡಲದ ಗಿಡವನ್ನು ಕೆಂಪು ಶಾಯಿಯ ನೀರಿನಲ್ಲಿಟ್ಟರೆ ಕ್ಸೈಲಂ ಕಾಣುತ್ತದೆ. ನಿಮ್ಮ ಬೀದಿಯ ಮರಗಳಿಗೆ ಬಿಗಿದ ತಂತಿಯನ್ನೂ ಒಮ್ಮೆ ನೋಡಿ. ಕಾಂಡ ದಪ್ಪವಾದಂತೆ ತಂತಿ ತೊಗಟೆಯೊಳಗೆ ಹೂತು, ಸುಲಿದಷ್ಟೇ ಕೆಲಸ ನಿಧಾನವಾಗಿ ಮಾಡುತ್ತದೆ. ಅದನ್ನು ಬೇಗ ಕಂಡರೆ ಬಿಚ್ಚಿಸಬಹುದು. ಈಗಾಗಲೇ ಸುಲಿದ ಮರಕ್ಕೂ, ಬೇರು ಬದುಕಿದ್ದರೆ, ಸೇತುವೆ ಕಸಿ ಎಂಬ ಚಿಕಿತ್ಸೆಯಿದೆ. ಅದೇ ಜಾತಿಯ ಎಳೆಯ ಕಡ್ಡಿಗಳ ಎರಡು ತುದಿಗಳನ್ನು ಗಾಯದ ಮೇಲಿನ ಮತ್ತು ಕೆಳಗಿನ ತೊಗಟೆಯೊಳಗೆ ಸೇರಿಸಿ ಬಿಗಿದು ಕಟ್ಟುತ್ತಾರೆ. ಕಡ್ಡಿಯ ಬುಡ ಕೆಳಗೇ ಇರಬೇಕು. ತಲೆಕೆಳಗಾಗಿ ಇಟ್ಟರೆ ಅದು ಸರಿಯಾಗಿ ಬೆಳೆಯುವುದಿಲ್ಲ.